ಕಸೂತಿ ಕೈಗೆ ಕೂಲಿ ಸೊನ್ನೆ ಯಾಕ?

1/8
ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ. ಈ ಕಡೆಯವರನ್ನ ನಾಲ್ಕು ಮಂದಿನ ಫಾಲೋ ಮಾಡಿದ್ರ ಸಾಕು, ಫೀಡ್‌ನ್ಯಾಗ ಒಂದರ ಕೈಕೆಲಸದ ಪೇಜ್ ಬಂದ ಬರ್ತೈತಿ. ಕಸೂತಿ ಬ್ಲೌಸ್, ಆರಿ ವರ್ಕ್, ಮದುಮಕ್ಕಳ ಹೆಸರು ಹೊಲಿದ ಹೂಪ್, ಅಲಂಕಾರ ಮಾಡಿದ ಆರತಿ ತಟ್ಟೆ, ಹಳೆ ಸೀರೆಯ ಕೌದಿ. ಕೆಳಗಿನ ಕಮೆಂಟ್ ಮಾತ್ರ ಎಲ್ಲಾ ಕಡೆ ಒಂದ. ಮೊದಲು "ರೇಟ್ ಎಷ್ಟ್ರಿ?", ಆಮೇಲೆ "ಅಯ್ಯ, ಇಷ್ಟ್ಯಾಕ್ರಿ?"

ಈಗ ಈ ಪೇಜ್‌ನವರು ಆನ್‌ಲೈನ್ ಮಾರುಕಟ್ಟೆಗೂ ಹೊಂಟಾರ. ಒಳ್ಳೇದ. ಆದ್ರ ಅಲ್ಲಿಗೆ ಹೋದ ಮೂರು ತಿಂಗಳಿಗೆ ಬಹಳ ಮಂದಿ ಹೇಳೋ ಮಾತು ಇದು: "ಎಲ್ಲಾ ಆ್ಯಪ್‌ನವರ ಕಮಿಷನ್‌ನ್ಯಾಗ ಹೋತು, ನಮಗೇನೂ ಉಳೀಲಿಲ್ಲ."

ನಾ ಇದನ್ನ ಅರ್ಧ ಒಪ್ಪತೇನಿ. ಕಮಿಷನ್ ಭಾರ ಐತಿ, ಖರೆ. ಆದ್ರ ಕೈಕೆಲಸದವರನ್ನ ಮುಳುಗಿಸೋದು ಕಮಿಷನ್ ಅಲ್ಲ. ಆ್ಯಪ್‌ಗೆ ಹೋಗೋದಕ್ಕಿಂತ ಮೊದಲ, ಮನ್ಯಾಗ ರೇಟ್ ಹಚ್ಚುವಾಗ, ಕೈಗೆ ಕೂಲಿ ಅಂತ ನಾವು ಬರೆಯೋ ಅಂಕಿ ಸೊನ್ನೆ. ಬಟ್ಟೆ ಲೆಕ್ಕ ಹಿಡೀತೀವಿ, ದಾರ ಲೆಕ್ಕ ಹಿಡೀತೀವಿ, ಕೊರಿಯರ್ ಲೆಕ್ಕ ಹಿಡೀತೀವಿ. ಹೊಲಿದ ತಾಸು ಲೆಕ್ಕಕ್ಕ ಬರಂಗಿಲ್ಲ.

ಇದನ್ನ ಎಂಟು ಪೋಸ್ಟ್‌ನ್ಯಾಗ ಹೇಳ್ತೇನಿ. ಬಿಕಾಂನವರಿಗೆ ಕಾಸ್ಟ್ ಶೀಟ್ ರಿವಿಜನ್ ಆಗ್ತೈತಿ. ಉಳಿದವರಿಗೆ, ಮುಂದಿನ ಸಲ "ಇಷ್ಟ್ಯಾಕ" ಅನ್ನೋ ಮೊದಲು ಒಂದು ಲೆಕ್ಕ ನೆನಪಾದ್ರ ಸಾಕು.

2/8
ಮೊದಲು ಕಸೂತಿಗೆ ತಾಸುಗಟ್ಟಲೆ ಯಾಕ ಬೇಕು ನೋಡೋಣ. ಬೆಳಗಾವಿ, ಧಾರವಾಡ, ವಿಜಯಪುರ, ಬಾಗಲಕೋಟೆ ಕಡೆಯ ಕೆಲಸ ಇದು. ಕೈ ಮತ್ತು ಸೂತಿ, ಅಂದ್ರೆ ಕೈಯಿಂದ ಮಾಡಿದ ನೂಲಿನ ಕೆಲಸ, ಅಂತ ಹೆಸರಿಗೆ ಅರ್ಥ ಹೇಳ್ತಾರೆ. ಇದಕ್ಕೆ ಭೌಗೋಳಿಕ ಗುರುತು, ಅಂದ್ರೆ ಜಿಐ ಇದೆ. ಅದು ಕರ್ನಾಟಕ ರಾಜ್ಯ ಕರಕುಶಲ ಅಭಿವೃದ್ಧಿ ನಿಗಮದ ಹೆಸರಿನಲ್ಲಿದೆ.

ಸಂಪ್ರದಾಯದ ಕಸೂತಿಯಲ್ಲಿ ಬಟ್ಟೆ ಮೇಲೆ ಪೆನ್ಸಿಲ್ ಗೆರೆ ಇರುವುದಿಲ್ಲ, ಟ್ರೇಸಿಂಗ್ ಇರುವುದಿಲ್ಲ. ಬಟ್ಟೆಯ ಎಳೆ ಎಣಿಸಿ ಎಣಿಸಿ ಸೂಜಿ ಹಾಕಬೇಕು. ಹೊಲಿಗೆ ನಾಲ್ಕು ತರ. ಗವಂತಿಯಲ್ಲಿ ಒಂದು ಬಿಟ್ಟು ಒಂದು ಹೊಲಿಗೆ ಹಾಕುತ್ತಾ ಹೋಗಿ, ತಿರುಗಿ ಬರುವಾಗ ಬಿಟ್ಟ ಜಾಗ ತುಂಬುತ್ತಾ ಬರಬೇಕು. ಮುರಗಿ ಅದೇ ರೀತಿ, ಆದರೆ ಮೆಟ್ಟಿಲಿನ ಹಾಗೆ ಏರಿಳಿಯುತ್ತದೆ. ನೇಗಿ ಮಗ್ಗದಲ್ಲೇ ನೇಯ್ದಂತೆ ಕಾಣುತ್ತದೆ. ಮೆಂತೆ ಅಂದರೆ ಅಡ್ಡಡ್ಡ ಹಾಕುವ ಹೊಲಿಗೆ, ಮೆಂತೆಕಾಳು ಚೆಲ್ಲಿದ ಹಾಗೆ. ಗೋಪುರ, ತೇರು, ಪಲ್ಲಕ್ಕಿ, ಆನೆ ಅಂಬಾರಿ, ತುಳಸಿಕಟ್ಟೆ, ನವಿಲು ಎಲ್ಲಾ ಇದರಿಂದಲೇ ಮೂಡುತ್ತವೆ.

ದಾರಕ್ಕೆ ಗಂಟು ಹಾಕಂಗಿಲ್ಲ. ಗವಂತಿ, ಮುರಗಿ ಹಾಕಿದ ಬಟ್ಟೆಯನ್ನ ತಿರುವಿ ನೋಡಿದ್ರ ಹಿಂದೂ ಅದ, ಮುಂದೂ ಅದ. ಒಂದು ಎಳಿ ತಪ್ಪಿ ಎಣಿಸಿದ್ರ ಗೋಪುರ ವಾಲ್ತೈತಿ. ಆಗ ಬಿಚ್ಚಿ ಮತ್ತ ಹೊಲೀಬೇಕು. ಕಣ್ಣಿಗೆ ಬೆಳಕು ಬೇಕು, ಕುತ್ತಿಗಿ ಬಗ್ಗಿಸಿ ಕುಂದರಬೇಕು.

ಹಿಂಗಾಗಿ ಇಲ್ಲಿ ಖರ್ಚು ಅಂದ್ರ ಬಟ್ಟೆ ಅಲ್ಲ, ದಾರ ಅಲ್ಲ. ತಾಸು. ಅದಕ್ಕ ನಾವು ಸೊನ್ನೆ ಬರೀತೀವಿ.

3/8
ಈಗ ಲೆಕ್ಕ. ಇದು ಯಾರದೋ ಅಂಗಡಿಯ ಲೆಕ್ಕ ಅಲ್ಲ, ತಿಳಿಯಲಿ ಅಂತ ನಾನೇ ಹಿಡಿದ ಅಂಕಿ. ನಿಮ್ಮ ಅಂಕಿ ಹಾಕಿ ನೀವು ಮಾಡಿ ನೋಡ್ರಿ.

ತೋಳು ಮತ್ತು ಬೆನ್ನಿಗೆ ಕಸೂತಿ ಹಾಕಿದ, ಇನ್ನೂ ಹೊಲಿಯದ ಒಂದು ಬ್ಲೌಸ್ ಪೀಸ್.
ಮಾರಾಟ ಬೆಲೆ: 1,500 ರೂ.
ಬಟ್ಟೆ: 400
ದಾರ, ಸೂಜಿ: 60
ಪ್ಯಾಕಿಂಗ್, ಕೊರಿಯರ್: 120
ಆ್ಯಪ್ ಫೀ 15% ಅಂತ ಹಿಡಿದರೆ: 225
ಒಟ್ಟು ಖರ್ಚು: 805
ಉಳಿದದ್ದು: 695 ರೂ.

"695 ಲಾಭ" ಅಂತ ಖುಷಿ ಆಗ್ತೈತಿ. ಆದ್ರ ಹೊಲಿಯಾಕ 30 ತಾಸು ಹೋಗ್ಯಾವ ಅಂತ ಹಿಡೀರಿ. 695 ಭಾಗಿಸು 30, ತಾಸಿಗೆ 23 ರೂಪಾಯಿ. ಎಂಟು ತಾಸಿನ ದಿನಕ್ಕೆ ಸುಮಾರು 185 ರೂಪಾಯಿ.

2025-26ಕ್ಕೆ ಕರ್ನಾಟಕದಲ್ಲಿ ನರೇಗಾ ದಿನಗೂಲಿ 370 ರೂಪಾಯಿ ಎಂದು ನಿಗದಿಯಾಗಿತ್ತು. ಅಂದ್ರೆ ಜಿಐ ಗುರುತು ಇರುವ, ವರ್ಷಗಟ್ಟಲೆ ಕಲಿತ ಕೆಲಸಕ್ಕೆ ಸಿಕ್ಕಿದ್ದು ಬದು ಹಾಕುವ ಕೂಲಿಯ ಅರ್ಧ. ಬದು ಹಾಕೋ ಕೆಲಸ ಸಣ್ಣದು ಅಂತ ನಾ ಹೇಳಾಕ ಹತ್ತಿಲ್ಲ. ಆ ಕೆಲಸಕ್ಕ ಒಂದು ಕನಿಷ್ಠ ದರ ಐತಿ, ಕಸೂತಿಗೆ ಅದೂ ಇಲ್ಲ ಅಂತ ಹೇಳಾಕ ಹತ್ತೇನಿ.

ಈಗ ಆ್ಯಪ್ ಫೀ ಪೂರ್ತಿ ತೆಗೆದು ಹಾಕ್ರಿ. 15% ಬದಲು ಸೊನ್ನೆ. ಉಳಿಯೋದು 920. ತಾಸಿಗೆ 31 ರೂಪಾಯಿ ಕೂಡ ಇಲ್ಲ, ದಿನಕ್ಕೆ 245. ಆಗಲೂ 370 ಮುಟ್ಟಲಿಲ್ಲ! ಅದಕ್ಕ ನಾ ಕಮಿಷನ್ ಮಾತು ಅರ್ಧ ಅಷ್ಟ ಒಪ್ಪೋದು. ದೊಡ್ಡ ತೂತು ಬೇರೆ ಕಡೆ ಐತಿ.

ಬರೀ ನರೇಗಾ ಕೂಲಿ ಗಿಟ್ಟಬೇಕಂದ್ರೂ ಈ ಪೀಸಿಗೆ ರೇಟ್ ಎಷ್ಟಿರಬೇಕು? ಕೂಲಿ 1,387.50, ಸಾಮಾನು ಮತ್ತು ಕೊರಿಯರ್ 580, ಒಟ್ಟು 1,967.50. ಇದಕ್ಕ 15% ಕೂಡಿಸಿದ್ರ ತಪ್ಪಾಗ್ತೈತಿ, ಯಾಕಂದ್ರ ಆ್ಯಪ್ ಫೀ ಹಿಡಿಯೋದು ಮಾರಾಟ ಬೆಲೆ ಮೇಲೆ. 0.85ರಿಂದ ಭಾಗಿಸಬೇಕು. ಉತ್ತರ ಸುಮಾರು 2,315. ಇದರಾಗ ಲಾಭ ಅನ್ನೋದು ಒಂದು ರೂಪಾಯಿ ಇಲ್ಲ.

4/8
"ಖಾಲಿ ಕುಂದ್ರೋದಕ್ಕಿಂತ ಏನೋ ನಾಲ್ಕು ಕಾಸು ಬರ್ತಾವಲ್ಲ." ಇದು ನಮ್ಮ ಮನೆಗಳಲ್ಲಿ ಕೇಳೋ ಮಾತು. ಹೊಲಿಯೋರೂ ಹೇಳ್ತಾರ, ಮನೆಯವರೂ ಹೇಳ್ತಾರ, ಕೊಳ್ಳೋರೂ ಹೇಳ್ತಾರ.

ಈ ಮಾತಿನಲ್ಲಿ ಸ್ವಲ್ಪ ನ್ಯಾಯ ಐತಿ. ಮನೆ ಬಿಟ್ಟು ಹೋಗಬೇಕಾಗಿಲ್ಲ, ಬಸ್ ಚಾರ್ಜ್ ಇಲ್ಲ, ಮಕ್ಕಳನ್ನ ನೋಡಿಕೊಳ್ಳಬಹುದು, ಮನಸ್ಸಿಗೂ ಸಮಾಧಾನ. ತನ್ನ ಮಗಳ ಸೀರೆಗೆ ತಾನು ಕಸೂತಿ ಹಾಕೋ ತಾಯಿ ತಾಸು ಎಣಿಸಬೇಕಾಗಿಲ್ಲ. ಅದು ಪ್ರೀತಿ, ಅದಕ್ಕ ಕಾಸ್ಟ್ ಶೀಟ್ ಬ್ಯಾಡ.

ಆದ್ರ ಆನ್‌ಲೈನ್ ಆರ್ಡರ್ ಬಂದ ಕೂಡಲೇ ಅದು ಪುರಸೊತ್ತಿನ ಕೆಲಸ ಆಗಿ ಉಳಿಯಂಗಿಲ್ಲ. ಕಳಿಸೋ ತಾರೀಖು ಬಂತು, ರೇಟಿಂಗ್ ಬಂತು, "ಯಾವಾಗ ಬರ್ತದ" ಅನ್ನೋ ಮೆಸೇಜ್ ಬಂತು. ಮದುವಿ ಮುಹೂರ್ತ ಮುಂದ ಹೋಗಂಗಿಲ್ಲ. ಅಡಗಿ, ಭಾಂಡೆ, ದನದ ಕೆಲಸ ಎಲ್ಲಾ ಮುಗಿಸಿ ರಾತ್ರಿ ಹನ್ನೊಂದಕ್ಕ ಟ್ಯೂಬ್‌ಲೈಟ್ ಕೆಳಗ ಕುಂತು ಎಳಿ ಎಣಿಸೋದು ಖಾಲಿ ಕುಂತು ಮಾಡೋ ಕೆಲಸ ಹೆಂಗಾಗ್ತೈತಿ? ಅದು ಓವರ್‌ಟೈಮ್.

ನಮ್ಮ ಸುತ್ತಮುತ್ತ ಒಂದು ಅಂಗಿಯ ಹಾದಿ ನೋಡ್ರಿ. ಬೈಲಹೊಂಗಲದ ಕಡೆ ಹೊಲದಾಗ ಹತ್ತಿ ಬಿಡಿಸೋರಿಗೆ ಕಿಲೋ ಲೆಕ್ಕದ ಪಗಾರ. ರಾಮದುರ್ಗ, ಸುರೇಬಾನದ ಮಗ್ಗದವರಿಗೆ ಮಜೂರಿ. ಅದು ಸಾಲದು ಅಂತ ನೇಕಾರರು ಕೇಳ್ತಾರ, ಕೇಳಲೇಬೇಕು. ಟೇಲರ್ ಅಂಗಡಿಯಲ್ಲಿ ಹೊಲಿಗೆ ರೇಟ್ ಗೋಡೆ ಮೇಲೆ ಬರೆದಿರ್ತೈತಿ, ಯಾರೂ ಹೆಚ್ಚು ಚೌಕಾಸಿ ಮಾಡಂಗಿಲ್ಲ. ಕಟ್ಟಕಡೇಕ ಅದ ಬಟ್ಟಿ ಮೇಲೆ ಎಳಿ ಎಣಿಸಿ ಗೋಪುರ ಎಬ್ಬಿಸಿದ ಕೈಗೆ ಮಾತ್ರ "ನೋಡಿ ಏನರ ಕೊಡ್ರಿ".

ಪಗಾರ, ಮಜೂರಿ, ಹೊಲಿಗೆ ರೇಟ್. ಕಸೂತಿಗೆ ನಮ್ಮಲ್ಲಿ ಇಂಥಾ ಒಂದು ಶಬ್ದ ಕೂಡ ಬಳಕೆಗೆ ಬಂದಿಲ್ಲ. ಶಬ್ದನ ಇಲ್ಲದ ಕೂಲಿಯನ್ನ ಬಿಲ್ಲಿನಲ್ಲಿ ಎಲ್ಲಿ ಅಂತ ಬರೆಯೋದು?

5/8
ಈಗ "ಕಸ್ಟಮ್" ಅನ್ನೋ ಮಾತಿಗೆ ಬರೋಣ. ನಮ್ಮ ಹೆಸರು ಹಾಕಿ ಕೊಡ್ರಿ, ನಮ್ಮ ಸೀರಿಗೆ ಮ್ಯಾಚ್ ಆಗೋ ಬಣ್ಣ ಹಾಕ್ರಿ, ಆನಿ ಬ್ಯಾಡ ನವಿಲು ಇರಲಿ. ಕೈಕೆಲಸದ ದೊಡ್ಡ ಶಕ್ತಿನ ಇದು. ಫ್ಯಾಕ್ಟರಿ ಒಂದೇ ಒಂದು ಪೀಸ್ ಮಾಡಿಕೊಡಂಗಿಲ್ಲ, ಇವರು ಮಾಡಿಕೊಡ್ತಾರ. ಆದ್ರ ಹೆಚ್ಚು ತಾಸು ಕದ್ದು ಹೋಗೋದೂ ಇಲ್ಲೇ.

ಬಣ್ಣ ಆರಿಸಾಕ ನಲವತ್ತು ಮೆಸೇಜ್. ಸ್ಯಾಂಪಲ್ ಹೊಲಿದು ಫೋಟೋ ಕಳಿಸೋದು. ದಾರ ಸಿಗದಿದ್ರ ಬೆಳಗಾವಿಗೋ ಹುಬ್ಬಳ್ಳಿಗೋ ಹೋಗಿ ಬರೋದು. ಮೇಲಿನ ಲೆಕ್ಕಕ್ಕ ಬರೇ ನಾಲ್ಕು ತಾಸು ಕೂಡಿಸಿ ನೋಡ್ರಿ, 23 ರೂಪಾಯಿ ಹೋಗಿ 20 ಆಗ್ತೈತಿ.

ಇನ್ನೊಂದು ಅಪಾಯ. ಹೆಸರು ಹೊಲಿದ ವಸ್ತು ವಾಪಸ್ ಬಂದ್ರ ಬೇರೆ ಯಾರಿಗೂ ಮಾರಾಕ ಬರಂಗಿಲ್ಲ. ಕೌದಿ ಇನ್ನೂ ಸೂಕ್ಷ್ಮ. ಗಿರಾಕಿ ತನ್ನ ಅವ್ವನ ಸೀರೆ ಕೊಟ್ಟಿರ್ತಾಳ. ಅದನ್ನ ಒಮ್ಮೆ ಕತ್ತರಿಸಿದ ಮೇಲೆ ಹಿಂದಕ್ಕ ಹೋಗೋ ದಾರಿ ಇಲ್ಲ, ಇಬ್ಬರಿಗೂ.

ಅದಕ್ಕ ಆರ್ಡರ್ ಹಿಡಿಯೋ ಮೊದಲ ಮೆಸೇಜ್‌ನಲ್ಲೇ ಬರೆದು ಕಳಿಸೋದು ಒಳ್ಳೇದು: ಅರ್ಧ ಹಣ ಮುಂಗಡ, ಇಂಥ ತಾರೀಖಿನ ತನಕ ಬದಲಾವಣೆ, ಸೂಜಿ ಹಾಕಿದ ಮೇಲೆ ಡಿಸೈನ್ ಬದಲಾದ್ರ ಹೆಚ್ಚುವರಿ ತಾಸಿಗೆ ಹೆಚ್ಚುವರಿ ಹಣ.

ಹಂಗಂತ "ನೋ ರಿಟರ್ನ್" ಅಂತ ಬೋರ್ಡ್ ಹಾಕಿ ಎಲ್ಲದರಿಂದ ಪಾರಾಗಾಕ ಬರಂಗಿಲ್ಲ. ಗ್ರಾಹಕರ ರಕ್ಷಣೆ (ಇ-ಕಾಮರ್ಸ್) ನಿಯಮಗಳು, 2020ರ ಪ್ರಕಾರ ಆನ್‌ಲೈನ್ ಮಾರುಕಟ್ಟೆಯಲ್ಲಿ ಮಾರುವವರು, ವಸ್ತು ದೋಷಪೂರಿತವಾಗಿದ್ದರೆ ಅಥವಾ ಹೇಳಿದಂತೆ ಇಲ್ಲದಿದ್ದರೆ, ವಾಪಸ್ ಪಡೆಯಲು ನಿರಾಕರಿಸುವಂತಿಲ್ಲ. ನವಿಲು ಅಂತ ಹೇಳಿ ಆನಿ ಕಳಿಸಿದ್ರ ಹೊಣೆ ಮಾರಿದವರದ. ನವಿಲು ಕೇಳಿ, ನವಿಲು ಬಂದ ಮೇಲೆ "ಈಗ ಮನಸ್ಸಿಲ್ಲ" ಅಂದ್ರ ಅದು ಬೇರೆ ಮಾತು. ಈ ವ್ಯತ್ಯಾಸ ಮೊದಲ ಬರವಣಿಗೆಯಲ್ಲಿ ಇದ್ರ ಜಗಳ ಅರ್ಧ ಕಡಿಮೆ.

6/8
"ಹ್ಯಾಂಡ್‌ಮೇಡ್" ಅಂತ ಬರೆದದ್ದೆಲ್ಲಾ ಹ್ಯಾಂಡ್‌ಮೇಡ್ ಅಲ್ಲ. ಕಂಪ್ಯೂಟರ್ ಎಂಬ್ರಾಯ್ಡರಿ ಮಷೀನ್ ಕಸೂತಿ ಗೋಪುರವನ್ನ ನಿಮಿಷಗಳಲ್ಲಿ ಹೊಲಿದು ಬಿಡ್ತೈತಿ. ಕಸೂತಿ ಡಿಸೈನ್ ಪ್ರಿಂಟ್ ಮಾಡಿದ ಬಟ್ಟೆನೂ ಐತಿ. ಮಷೀನ್ ಕೆಲಸ ಕೆಟ್ಟದ್ದಲ್ಲ, ಕಡಿಮೆ ದುಡ್ಡಿಗೆ ಚಂದದ ಬ್ಲೌಸ್ ಬೇಕಂದ್ರ ತಗೋರಿ, ಹಾಕೋರಿ. ಆದ್ರ ಮಷೀನ್ ಕಸೂತಿ ಅಂತ ಬರೆದು ಮಾರಲಿ.

ಯಾಕಂದ್ರ ಆ್ಯಪ್ ಸ್ಕ್ರೀನ್ ಮೇಲೆ ಎರಡೂ ಅಕ್ಕಪಕ್ಕ ನಿಂತಾವ. ಒಂದಕ್ಕ 600, ಇನ್ನೊಂದಕ್ಕ 2,300. ಫೋಟೋದಾಗ ಎರಡೂ ಒಂದ. ಆಗ ಕೈಯವರು ಮಷೀನ್ ರೇಟಿಗೆ ಇಳೀತಾರ. ಎಲ್ಲಿಂದ ಇಳೀತಾರ? ಬಟ್ಟಿ ಅಂಗಡಿಯವ ಬಿಡಂಗಿಲ್ಲ, ಕೊರಿಯರ್‌ನವ ಬಿಡಂಗಿಲ್ಲ. ತಮ್ಮ ಕೂಲಿಯೊಳಗಿಂದನ ಇಳೀಬೇಕು.

ಈ ಗೊಂದಲ ನಮ್ಮಲ್ಲಷ್ಟೇ ಇಲ್ಲ. 2005ರಲ್ಲಿ ಅಮೆರಿಕದಲ್ಲಿ ಶುರುವಾದ ಎಟ್ಸಿ ಕೈಕೆಲಸದ ಮಾರುಕಟ್ಟೆ ಅಂತಲೇ ಹೆಸರು ಮಾಡಿತು. 2013ರಲ್ಲಿ ನಿಯಮ ಬದಲಿಸಿ, ಮಾರುವವರು ಹೊರಗಿನ ತಯಾರಕರಿಂದಲೂ ಮಾಡಿಸಬಹುದು ಅಂತ ಅವಕಾಶ ಕೊಟ್ಟಿತು. ಹ್ಯಾಂಡ್‌ಮೇಡ್ ಅಂದ್ರೆ ಯಾರ ಕೈ ಅನ್ನೋ ವಾದ ಅಂದಿನಿಂದ ಜೋರಾಯಿತು.

ನಮ್ಮ ಜಿಎಸ್‌ಟಿ ಅಧಿಸೂಚನೆಗಳಲ್ಲಿ ಕರಕುಶಲ ವಸ್ತು ಅಂದ್ರೆ ಏನು ಅಂತ ವಿವರಣೆ ಇದೆ. ಉಪಕರಣ, ಯಂತ್ರ ಸ್ವಲ್ಪ ಬಳಸಿದ್ದರೂ ಮುಖ್ಯವಾಗಿ ಕೈಯಿಂದಲೇ ಮಾಡಿರಬೇಕು ಅನ್ನೋದು ಅದರ ತಿರುಳು. ಕಾನೂನಿಗೇ ಈ ವ್ಯತ್ಯಾಸ ಗೊತ್ತೈತಿ ಅಂದ್ಮ್ಯಾಲೆ ನಮ್ಮ ಪೇಜ್‌ಗಳಿಗೂ ಗೊತ್ತಿರಬೇಕು.

ಕಸೂತಿಯೊಳಗ ಇದಕ್ಕ ಸರಳ ದಾರಿ ಐತಿ: ಹಿಂದಿನ ಬದಿ ಫೋಟೋ ಹಾಕ್ರಿ. ಮಷೀನ್ ಕೆಲಸದ ಹಿಂದ ಬಾಬಿನ್ ದಾರ ಕಾಣ್ತೈತಿ, ಎಷ್ಟೋ ಸಲ ಅಂಟಿಸಿದ ಪೇಪರ್ ಕೂಡ ಉಳಿದಿರ್ತೈತಿ. ಕೈ ಗವಂತಿಯ ಹಿಂದ ಮುಂದಿನದ ಡಿಸೈನ್, ಗಂಟಿಲ್ಲ. ನೇಗಿ, ಮೆಂತೆಗೆ ಎರಡೂ ಬದಿ ಒಂದೇ ತರ ಇರಂಗಿಲ್ಲ, ಅದನ್ನೂ ಗಿರಾಕಿಗೆ ಮೊದಲ ಹೇಳ್ರಿ. ಕೊಳ್ಳೋರು ರೇಟ್ ಕೇಳೋ ಮೊದಲು ಹಿಂದಿನ ಬದಿ ಕೇಳ್ರಿ.

7/8
ಇದು ಸ್ವಲ್ಪ ಒಣ ಪೋಸ್ಟ್, ಆದ್ರ ಸೇವ್ ಮಾಡ್ಕೋರಿ. ಆನ್‌ಲೈನ್ ಮಾರಾಕ ಜಿಎಸ್‌ಟಿ ಬೇಕಾ?

ಮೊದಲು, ಆನ್‌ಲೈನ್ ಮಾರುಕಟ್ಟೆಯಲ್ಲಿ ಸರಕು ಮಾರುವವರು ಎಷ್ಟೇ ಸಣ್ಣವರಿದ್ದರೂ ಸಾಮಾನ್ಯವಾಗಿ ಜಿಎಸ್‌ಟಿ ನೋಂದಣಿ ಕಡ್ಡಾಯವಾಗಿತ್ತು. 2023ರ ಅಕ್ಟೋಬರ್ 1ರಿಂದ ಸಡಿಲವಾಗಿದೆ. ಕರ್ನಾಟಕದಲ್ಲಿ ವರ್ಷದ ವಹಿವಾಟು 40 ಲಕ್ಷದೊಳಗಿದ್ದರೆ, ಪ್ಯಾನ್ ಕೊಟ್ಟು ಜಿಎಸ್‌ಟಿ ಪೋರ್ಟಲ್‌ನಲ್ಲಿ ಎನ್‌ರೋಲ್‌ಮೆಂಟ್ ನಂಬರ್ ಪಡೆದು, ನೋಂದಣಿ ಇಲ್ಲದೆಯೇ ಆ್ಯಪ್ ಮೂಲಕ ಮಾರಬಹುದು. ಆದರೆ ಒಂದು ಶರತ್ತು: ರಾಜ್ಯದೊಳಗೆ ಮಾತ್ರ.

ಬೈಲಹೊಂಗಲದಾಗ ನಿಂತು ಈ ಶರತ್ತು ಓದ್ರಿ. ನಾಲ್ಕುನೂರು ಕಿಲೋಮೀಟರ್ ಆಚೆಯ ಬೆಂಗಳೂರಿಗೆ ಕಳಿಸಬಹುದು. ಬೆಳಗಾವಿ ದಾಟಿ ಸ್ವಲ್ಪ ಹೋದ್ರ ಸಿಗೋ ಕೊಲ್ಲಾಪುರಕ್ಕೆ ಕಳಿಸುವಂತಿಲ್ಲ. ನಮ್ಮ ಅಕ್ಕತಂಗಿಯರನ್ನ ಕೊಟ್ಟ ಊರು, ಇಳಕಲ್ ಸೀರೆ, ಕಸೂತಿ ಅಂದ್ರ ತಿಳಿಯೋ ಗಿರಾಕಿ, ಎಲ್ಲಾ ಗಡಿಯ ಎರಡೂ ಕಡೆ ಅದಾವ. ನಿಯಮ ಮಾಡಿದವರಿಗೆ ಗಡಿ ಜಿಲ್ಲೆ ನೆನಪಾಗಿಲ್ಲ ಅನ್ನೋದು ನನ್ನ ಅಭಿಪ್ರಾಯ.

ಆ್ಯಪ್ ಬಿಟ್ಟು ನೇರವಾಗಿ ಮಾರುವುದಾದರೆ ಬೇರೆ ವಿನಾಯಿತಿ ಇದೆ. ಪಟ್ಟಿಯಲ್ಲಿರುವ ಕರಕುಶಲ ವಸ್ತುಗಳನ್ನು, ಅದರಲ್ಲಿ ಕೈ ಎಂಬ್ರಾಯ್ಡರಿಯೂ ಸೇರಿದೆ, 20 ಲಕ್ಷದೊಳಗಿನ ವಹಿವಾಟಿನವರು ನೋಂದಣಿ ಇಲ್ಲದೆ ಹೊರರಾಜ್ಯಕ್ಕೆ ಕಳಿಸಬಹುದು. ಆದರೆ ಪ್ಯಾನ್ ಬೇಕು, ಇ-ವೇ ಬಿಲ್ ಬೇಕು. ಬೇರೆ ಸರಕಿಗೆ ಇ-ವೇ ಬಿಲ್ ಸಾಮಾನ್ಯವಾಗಿ 50,000 ರೂಪಾಯಿ ದಾಟಿದ ಮೇಲೆ. ನೋಂದಣಿ ಇಲ್ಲದವರು ಹೊರರಾಜ್ಯಕ್ಕೆ ಕಳಿಸೋ ಕರಕುಶಲ ವಸ್ತುವಿಗೆ ಬೆಲೆ ಎಷ್ಟೇ ಇದ್ದರೂ ಬೇಕು. ಒಂದು ಬ್ಲೌಸ್ ಪೀಸಿಗೆ ಇ-ವೇ ಬಿಲ್! ನಾವು ಬಿಕಾಂ ಓದಿದವರು ಓಣಿಯ ಅಕ್ಕನವರಿಗೆ ಮಾಡಿಕೊಡಬಹುದಾದ ನಿಜವಾದ ಸಹಾಯ ಇಲ್ಲೇ ಐತಿ.

ಆ್ಯಪ್ ಫೀ ಬಗ್ಗೆಯೂ ಒಂದು ಮಾತು. 2022ರ ಏಪ್ರಿಲ್‌ನಲ್ಲಿ ಎಟ್ಸಿ ಪ್ರತಿ ಮಾರಾಟದ ಫೀಯನ್ನು 5%ರಿಂದ 6.5%ಕ್ಕೆ ಏರಿಸಿತು. ಸಾವಿರಾರು ಮಾರಾಟಗಾರರು ಒಂದು ವಾರ ಅಂಗಡಿ ಮುಚ್ಚಿ ಪ್ರತಿಭಟಿಸಿದರು. ಬಾಡಿಗೆ ಮನಿ ಬಾಡಿಗೆ ಯಾವಾಗರ ಏರಬಹುದು, ನಮ್ಮ ಕೈಯಾಗಿಲ್ಲ. ತಾಸಿನ ರೇಟ್ ಬರೆಯೋದು ಮಾತ್ರ ನಮ್ಮ ಕೈಯಾಗೈತಿ.

8/8
ಈಗ ನೀವು ಕೇಳೋ ಪ್ರಶ್ನೆ ನನಗ ಗೊತ್ತು. "2,315 ಕೊಟ್ಟು ಯಾರು ತಗೋತಾರ?" ಸವದತ್ತಿ ಪ್ಯಾಟ್ಯಾಗ ಬಹಳ ಮಂದಿ ತಗೊಳ್ಳಂಗಿಲ್ಲ, ಒಪ್ಪತೇನಿ. ಹಂಗಂತ ತಾಸಿನ ಬೆಲೆ ಇಳಿಸೋದು ಉತ್ತರ ಅಲ್ಲ. ತಾಸು ಇಳಸ್ರಿ.

ಬೆನ್ನು ಬಿಟ್ಟು ಬರೇ ತೋಳಿನ ಅಂಚಿಗೆ, ಎಂಟು ತಾಸಿನ ಡಿಸೈನ್. ಬ್ಲೌಸ್ ಪೀಸ್ ಗಿರಾಕಿನ ಕಳಿಸಲಿ. ಕೂಲಿ 370, ದಾರ 30, ಕೊರಿಯರ್ 120, ಒಟ್ಟು 520. ಆ್ಯಪ್ ಮೂಲಕ ಆದ್ರ ಸುಮಾರು 612. ಇದು ಕಾಲೇಜಿನವರೂ ಕೊಡಬಹುದಾದ ರೇಟ್, ಹೊಲಿದ ಕೈಗೂ ಪೂರ್ತಿ ದಿನದ ಕೂಲಿ ಬಂತು. 30 ತಾಸಿನ ಪೀಸ್ ಅದರ ಬೆಲೆ ತಿಳಿದವರಿಗೆ, ವರ್ಷಕ್ಕ ನಾಲ್ಕ ಹೋದ್ರೂ ನಡೀತೈತಿ.

ಪೇಜ್ ನಡೆಸೋ ನಮ್ಮಂಥ ಹುಡುಗ ಹುಡುಗಿಯರಿಗೆ ಒಂದು ಮಾತು. ಎಷ್ಟೋ ಕಡೆ ಫೋನ್ ನಮ್ಮದು, ಸೂಜಿ ಓಣಿಯ ಮಾವಶಿಯದು. ಫೋಟೋ ತೆಗೆಯೋದು, ಆರ್ಡರ್ ಹಿಡಿಯೋದು, ಪ್ಯಾಕ್ ಮಾಡೋದು ಕೂಡ ಕೆಲಸ, ಅದಕ್ಕ ನಮ್ಮ ಪಾಲು ತಗೊಳ್ಳೋಣ. ಆದ್ರ ಮೊದಲು ಅವರ ತಾಸು ಬರೆಯೋಣ, ಆಮೇಲೆ ನಮ್ಮ ಪಾಲು. ಅವರು ಒಪ್ಪಿದ್ರ ಅವರ ಹೆಸರು ಪೋಸ್ಟ್‌ನ್ಯಾಗ ಇರಲಿ.

ಒಂದು ಸಣ್ಣ ರೂಢಿ ಶುರು ಮಾಡೋಣ ಅನ್ನೋದು ನನ್ನ ವಾದ. ಪ್ರತಿ ಕೈಕೆಲಸದ ಪೋಸ್ಟ್ ಕೆಳಗ ಮೂರು ಸಾಲು: ಎಷ್ಟು ತಾಸು, ತಾಸಿಗೆ ಎಷ್ಟು, ಹಿಂದಿನ ಬದಿಯ ಫೋಟೋ. ಇದಕ್ಕ ಸರ್ಕಾರದ ಆದೇಶ ಬೇಕಾಗಿಲ್ಲ, ಆ್ಯಪ್‌ನವರ ಪರ್ಮಿಷನ್ ಬೇಕಾಗಿಲ್ಲ.

ಕಸೂತಿ ಉಳೀಬೇಕು, ನಮ್ಮ ಪರಂಪರೆ ಅಂತ ಅಕ್ಟೋಬರ್‌ನ್ಯಾಗ ಕಿತ್ತೂರು ಉತ್ಸವ ಬಂದಾಗ ಎಲ್ಲರೂ ಸ್ಟೋರಿ ಹಾಕ್ತೀವಿ. ಅದ ಕಸೂತಿ ಕಲಿ ಅಂತ ಹದಿನೈದು ವರ್ಷದ ಹುಡುಗಿಗೆ ಹೇಳಿದ್ರ ಅವಳು ಕೇಳೋದು ಒಂದ: "ಅದರಾಗ ಏನ್ ಸಿಗ್ತೈತಿ?" ದಿನಕ್ಕ 185 ಅಂದ್ರ ಅವಳು ಸೂಜಿ ಹಿಡಿಯಂಗಿಲ್ಲ, ಹಿಡೀಬೇಕು ಅಂತ ಹೇಳೋ ಹಕ್ಕು ನಮಗೂ ಇಲ್ಲ. ಮಷೀನ್ ಬಂದು ಕಸೂತಿ ಸತ್ತು ಹೋತು ಅಂತ ನಾಳೆ ಹೇಳ್ತೀವಿ. ಖರೇ ಕಾರಣ ನಾವು ಬರೆದ ಸೊನ್ನೆ.

ನಿಮ್ಮ ಮನ್ಯಾಗ, ಓಣ್ಯಾಗ ಕೈಕೆಲಸ ಮಾಡೋರು ಇದ್ರ ಇವತ್ತ ಕೇಳ್ರಿ, ಒಂದು ಪೀಸಿಗೆ ಎಷ್ಟು ತಾಸು? ಉತ್ತರ ಕಮೆಂಟ್‌ನಲ್ಲಿ ಬರೀರಿ. ಅಂಕಿ ಅಷ್ಟ ಸಾಕು, ಹೆಸರು ಬ್ಯಾಡ. ಭಾಗಾಕಾರ ನಾ ಮಾಡ್ತೇನಿ.

#ಕಸೂತಿ #ಕೈಕೆಲಸಕ್ಕೆಕೂಲಿ #ಹಿಂದಿನಬದಿತೋರಿಸಿ #ಬೈಲಹೊಂಗಲ #ಕಿತ್ತೂರು #ಸವದತ್ತಿ #ರಾಮದುರ್ಗ